ಮೊದಲ ಪತ್ರಿಕೆ ತಂದವರು ಕಿಟೆಲ್ ಅಲ್ಲ, ಮೊಗ್ಲಿಂಗ್

ಸಂಪಾದಕರಿಗೆ ನಮಸ್ಕಾರ.

ಈ ಸಲ ಜುಲೈ 1ರ ಪತ್ರಿಕಾ ದಿನಾಚರಣೆಗೆ ನಮ್ಮ ದಾವಣಗೆರೆಯಲ್ಲಿ ನಡೆದ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆ. ಅತಿಥಿಗಳೊಬ್ಬರು ಮೈಕ್ ಹಿಡಿದು ಕನ್ನಡದ ಮೊದಲ ಪತ್ರಿಕೆ ತಂದ ಕಿಟೆಲ್ ಅವರನ್ನ ನೆನೀಬೇಕು ಅಂದ್ರು, ಎಲ್ರೂ ಚಪ್ಪಾಳೆ ತಟ್ಟಿದ್ರು, ಒಬ್ರೂ ಎದ್ದು ತಪ್ಪು ಅನ್ನಲಿಲ್ಲ, ನಾನೂ ಅನ್ನಲಿಲ್ಲ, ಮನೆಗೆ ಬಂದ ಮೇಲೆ ಅದೇ ಕೊರೀತಾ ಇತ್ತು, ಅದಕ್ಕೇ ಈ ಪತ್ರ.

ಕಿಟೆಲ್ ಅವರು ಕನ್ನಡ-ಇಂಗ್ಲಿಷ್ ನಿಘಂಟು ಮಾಡಿಕೊಟ್ಟ ಪುಣ್ಯಾತ್ಮರು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅವರು ಇಲ್ಲಿಗೆ ಬಂದಿದ್ದೇ 1853ರಲ್ಲಿ. 'ಮಂಗಳೂರ ಸಮಾಚಾರ' ಶುರುವಾಗಿದ್ದು ಅದಕ್ಕೂ ಹತ್ತು ವರ್ಷ ಮುಂಚೆ, 1843ರ ಜುಲೈ 1ಕ್ಕೆ. ತಂದವರು ಹರ್ಮನ್ ಮೊಗ್ಲಿಂಗ್, ಬಾಸೆಲ್ ಮಿಶನ್ ಅನ್ನೋ ಕ್ರೈಸ್ತ ಧರ್ಮ ಪ್ರಚಾರ ಸಂಸ್ಥೆಯ ಪಾದ್ರಿಗಳು. ಜರ್ಮನಿಯ ಬ್ರಾಕನ್‌ಹೈಮ್‌ನಲ್ಲಿ 1811ರಲ್ಲಿ ಹುಟ್ಟಿ, ಟ್ಯೂಬಿಂಗನ್‌ನಲ್ಲಿ ದೇವರಶಾಸ್ತ್ರ ಓದಿ, 1836ರಲ್ಲಿ ಮಂಗಳೂರಿಗೆ ಬಂದವರು.

ನಾನು ಮಂಡಿಪೇಟೆ ಕಡೆ ಒಂದು ಪ್ರೆಸ್ಸಲ್ಲಿ ಇಪ್ಪತ್ತೆರಡು ವರ್ಷ ಮೊಳೆ, ಅಂದ್ರೆ ಅಚ್ಚಿನ ಸೀಸದ ಅಕ್ಷರ, ಜೋಡಿಸಿದವನು, ಮದುವೆ ಕಾರ್ಡು, ಅಡಿಕೆ ಮಂಡಿ ರಸೀದಿ, ಜಾತ್ರೆ ಹ್ಯಾಂಡ್‌ಬಿಲ್ ಎಲ್ಲಾ ಮಾಡೀನಿ. ಹಂಗಾಗಿ ಆ ಮೊದಲ ಪತ್ರಿಕೆ ಕಲ್ಲಚ್ಚಲ್ಲಿ ಬಂದಿದ್ದು ಅಂದಾಗ ನನಗೆ ಆ ಕಷ್ಟ ಕಣ್ಣಿಗೆ ಕಟ್ಟುತ್ತೆ. ಜಿಡ್ಡು ಮಸಿಯಲ್ಲಿ ಬರೆದ ಅಕ್ಷರ ಕಲ್ಲಿನ ಮೇಲೆ ಉಲ್ಟಾ ಕೂರಬೇಕು, ಕಲ್ಲಿಗೆ ನೀರು ಸವರಬೇಕು, ಆಮೇಲೆ ಶಾಯಿ ರೋಲರ್ ಎಳೆದರೆ ಜಿಡ್ಡಿರೋ ಕಡೆ ಮಾತ್ರ ಶಾಯಿ ಹಿಡಿಯುತ್ತೆ, ನೀರು ಒಂಚೂರು ಕಮ್ಮಿ ಆದ್ರೂ ಇಡೀ ಹಾಳೆ ಮಸಿ. ಹಿಂಗೆ ಹದಿನೈದು ದಿನಕ್ಕೊಂದು ಸಲ ನಾಲ್ಕು ಪುಟ ತೆಗೀತಿದ್ರು. ಊರ ವರ್ತಮಾನ, ಸರಕಾರದವರ ಆದೇಶ, ದೂರ ದೇಶದ ಸುದ್ದಿ, ಕಥೆ ಎಲ್ಲಾ ಅದರಲ್ಲಿ. 1844ರಲ್ಲಿ ಪತ್ರಿಕೆಯನ್ನ ಬಳ್ಳಾರಿಗೆ ತಂದು ಮೊಳೆ ಅಚ್ಚಿಗೆ ಹಾಕಿಸಿದ್ರು, ಹೆಸರು 'ಕನ್ನಡ ಸಮಾಚಾರ' ಆಯ್ತು. ಬಳ್ಳಾರಿ ಅಂದ್ರೆ ನಮ್ಮ ಮೊಳಕಾಲ್ಮೂರು ದಾಟಿದ್ರೆ ಸಿಗೋ ಊರು ಸ್ವಾಮಿ, ಕನ್ನಡದ ಮೊದಲ ಪತ್ರಿಕೆ ನಮ್ಮ ಪಕ್ಕದ ಮನೆಯಲ್ಲೇ ಅಚ್ಚಾಗಿದೆ, ಇದನ್ನ ಇಲ್ಲಿನ ಎಷ್ಟು ಮೇಷ್ಟ್ರುಗಳು ಮಕ್ಕಳಿಗೆ ಹೇಳ್ತಾರೆ?

ಪತ್ರಿಕೆ ಬಹಳ ದಿನ ನಡೀಲಿಲ್ಲ. ಆದ್ರೆ ನನ್ನ ಮಟ್ಟಿಗೆ ಮೊಗ್ಲಿಂಗ್ ಅವರ ದೊಡ್ಡ ಕೆಲಸ ಅದಾದ ಮೇಲಿನದು. 1848ರಿಂದ 1853ರ ಒಳಗೆ ಓಲೆಗರಿ, ಕೈಬರಹ ಹುಡುಕಿಸಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದ ಇವನ್ನೆಲ್ಲ ಅಚ್ಚು ಹಾಕಿಸಿದ್ರು. ಖರ್ಚಿಗೆ ಕ್ಯಾಸಮೇಜರ್ ಅನ್ನೋ ನಿವೃತ್ತ ಇಂಗ್ಲಿಷ್ ಅಧಿಕಾರಿ ದುಡ್ಡು ಕೊಟ್ಟಿದ್ರು. ನಮ್ಮಜ್ಜಿಗೆ ಅಕ್ಷರ ಬರ್ತಿರಲಿಲ್ಲ, ಶ್ರಾವಣದಲ್ಲಿ ಮಠದಲ್ಲಿ ಬಸವಪುರಾಣ ಓದಿಸೋವಾಗ ಒಂದು ದಿನವೂ ತಪ್ಪಿಸ್ತಿರಲಿಲ್ಲ, ಕಂಬಕ್ಕೆ ಒರಗಿ ಕೂತು ಕಣ್ಣೀರು ಹಾಕ್ಕೊಂಡು ಕೇಳೋಳು. ಆ ಪುರಾಣವನ್ನ ಕಲ್ಲಚ್ಚಿಗೆ ಹಾಕಿಸಿದವರಲ್ಲಿ ಒಬ್ಬ ಕ್ರೈಸ್ತ ಪಾದ್ರಿನೂ ಇದ್ದರು ಅಂತ ಅವಳಿಗೆ ಹೇಳೋಕೆ ನನಗೆ ಆಗ ಗೊತ್ತಿರಲಿಲ್ಲ. 1858ರಲ್ಲಿ ಇದೇ ಕೆಲಸಕ್ಕೆ ಟ್ಯೂಬಿಂಗನ್ ಯೂನಿವರ್ಸಿಟಿ ಅವರಿಗೆ ಗೌರವ ಡಾಕ್ಟರೇಟ್ ಕೊಡ್ತು.

ಅವರು ಬಂದಿದ್ದು ಮತಾಂತರಕ್ಕೆ, ಯಾಕೆ ಹೊಗಳ್ತೀರಿ ಅಂತ ಕೆಲವರು ಕೇಳ್ತಾರೆ. ಹೌದು, ಧರ್ಮ ಪ್ರಚಾರಕ್ಕೇ ಬಂದಿದ್ರು, ಅದನ್ನ ಅವರು ಮುಚ್ಚಿಟ್ಟವರೂ ಅಲ್ಲ. 1844ರಲ್ಲಿ ಆನಂದರಾವ್ ಕೌಂಡಿನ್ಯ ಅನ್ನೋ ಬ್ರಾಹ್ಮಣ ಯುವಕ ಕ್ರೈಸ್ತನಾದಾಗ ಮಂಗಳೂರಲ್ಲಿ ದೊಡ್ಡ ಗಲಾಟೆನೇ ಆಗಿತ್ತು, ಹೆತ್ತವರ ಸಂಕಟ ಸಣ್ಣದಲ್ಲ, ಅದನ್ನ ಬರೆಯೋರು ಅದನ್ನೂ ಬರೀಬೇಕು. ಆಮೇಲೆ ಮೊಗ್ಲಿಂಗ್ ಕೊಡಗಿಗೆ ಹೋದ್ರು, ಅಲ್ಲಿ ಆನಂದಪುರ ಅಂತ ಹೊಸ ಕ್ರೈಸ್ತರ ಊರು ಕಟ್ಟಿದ್ರು. 1860ರಲ್ಲಿ ಜರ್ಮನಿಗೆ ವಾಪಸ್ ಹೋದವರು ತಿರುಗಿ ಬರಲಿಲ್ಲ, ಅಲ್ಲೇ ಕೂತು ನಮ್ಮ ದಾಸರ ಪದಗಳನ್ನ ಜರ್ಮನ್ ಭಾಷೆಗೆ ಹಾಕಿದ್ರು, 1881ರಲ್ಲಿ ಎಸ್ಲಿಂಗನ್‌ನಲ್ಲಿ ತೀರಿಕೊಂಡ್ರು. ಮತ ಪ್ರಚಾರ, ಕನ್ನಡದ ಸೇವೆ ಎರಡೂ ಒಂದೇ ಮನುಷ್ಯನ ಕೆಲಸ, ಒಂದನ್ನ ಹೇಳಿ ಇನ್ನೊಂದನ್ನ ಬಿಡೋದು ನನಗೆ ಒಪ್ಪಿಗೆಯಿಲ್ಲ.

ಮುಂದಿನ ಜುಲೈ 1ಕ್ಕೆ ನೀವು ಮೊಗ್ಲಿಂಗ್ ಅವರಿಗೇ ಒಂದು ಪೂರ್ತಿ ಪುಟ ಬಿಡ್ರಿ, ಕಿಟೆಲ್ ಬೇರೆ ಮೊಗ್ಲಿಂಗ್ ಬೇರೆ ಅಂತ ದೊಡ್ಡ ಅಕ್ಷರದಲ್ಲಿ ಹಾಕ್ರಿ. ನನ್ನ ಹತ್ರ ಒಂದು ಡಬ್ಬಿ ಹಳೇ ಮೊಳೆ ಐತೆ, ಒತ್ತಕ್ಷರ ಸಮೇತ, ಮೊಳೆ ಸಾಲಾಗಿ ಜೋಡಿಸೋ ಕಂಪೋಸಿಂಗ್ ಸ್ಟಿಕ್ಕೂ ಐತೆ. ದಾವಣಗೆರೆಯ ಯಾವ ಶಾಲೆಯವರು ಕರೆದ್ರೂ ತಗೊಂಡು ಬಂದು ಮಕ್ಕಳ ಕೈಗೆ ಕೊಟ್ಟು ತೋರಿಸ್ತೀನಿ, ಆಟೋ ಚಾರ್ಜೂ ಬೇಡ.

ಇಂತಿ,
ಒಬ್ಬ ಹಳೇ ಕಂಪೋಸಿಟರ್, ದಾವಣಗೆರೆ