ಬಸುರಿಯ ಬೆನ್ನುನೋವು: ಮೊದಲು ನೋವಿನ ಜಾಗ ಗುರುತಿಸಿ

ಮಾನ್ಯ ಸಂಪಾದಕರೇ,

ಬಸುರಿಯರ ಬೆನ್ನುನೋವಿನ ಬಗ್ಗೆ ಆರೋಗ್ಯ ಪುಟಗಳಲ್ಲಿ ಬರುವ ಸಲಹೆ ಹೆಚ್ಚಾಗಿ ಎರಡು ಬಗೆಯದು. ಒಂದು, 'ಇದು ಸಹಜ, ಹೆರಿಗೆಯಾದ ಮೇಲೆ ಹೋಗುತ್ತದೆ, ತಡೆದುಕೊಳ್ಳಿ' ಎನ್ನುವುದು. ಇನ್ನೊಂದು, ಶಾಖ, ಎಣ್ಣೆ, ದಿಂಬು, ವ್ಯಾಯಾಮ ಎಂದು ಎಲ್ಲರ ಕೈಗೂ ಒಂದೇ ಪಟ್ಟಿ ಕೊಡುವುದು. ನೋವು ಎಲ್ಲಿದೆ ಎಂದು ಎರಡೂ ಕೇಳುವುದಿಲ್ಲ. ಕೇಳದೆ ಕೊಟ್ಟ ಸಲಹೆಯಿಂದ ಕೆಲವರ ನೋವು ಹೆಚ್ಚುತ್ತದೆ. ಅದಕ್ಕೇ ಈ ಪತ್ರ.

ನೋವು ಸೊಂಟದ ಮಟ್ಟದಲ್ಲಿ, ಬೆನ್ನುಮೂಳೆಯ ಅಕ್ಕಪಕ್ಕದಲ್ಲಿದ್ದು, ಬಹಳ ಹೊತ್ತು ನಿಂತಾಗ ಅಥವಾ ಬಗ್ಗಿ ಕೆಲಸ ಮಾಡಿದಾಗ ಹೆಚ್ಚಾದರೆ ಅದು ಕೆಳಬೆನ್ನಿನ ನೋವು. ಅದಕ್ಕಿಂತ ಕೆಳಗೆ, ಪೃಷ್ಠದ ಮೇಲಿನ ಎರಡು ಗುಳಿಗಳ ಸುತ್ತ ನೋವಿದ್ದು, ಹಾಸಿಗೆಯಲ್ಲಿ ಹೊರಳುವಾಗ, ಮೆಟ್ಟಿಲು ಹತ್ತುವಾಗ, ಒಂಟಿ ಕಾಲಲ್ಲಿ ನಿಂತು ಬಟ್ಟೆ ಹಾಕಿಕೊಳ್ಳುವಾಗ ಚುಚ್ಚಿದರೆ ಅದು ಪೆಲ್ವಿಸ್, ಅಂದರೆ ಸೊಂಟದ ಕೆಳಗಿನ ಮೂಳೆಗೂಡಿನ ಕೀಲುಗಳ ನೋವು. ಕೆಲವರಿಗೆ ಮುಂದೆ, ತೊಡೆಗಳ ನಡುವಿನ ಮೂಳೆಯ ಕೀಲಿನಲ್ಲೂ ನೋಯುತ್ತದೆ. ಎರಡು ಬಗೆಯ ನೋವೂ ಒಟ್ಟಿಗೇ ಇರಬಹುದು.

ಬಸಿರಿನಲ್ಲಿ ರಿಲ್ಯಾಕ್ಸಿನ್ ಮೊದಲಾದ ಹಾರ್ಮೋನುಗಳಿಂದ ಕೀಲುಗಳನ್ನು ಬಿಗಿದು ಹಿಡಿಯುವ ತಂತುಗಳು ಸಡಿಲಗೊಳ್ಳುತ್ತವೆ. ಹೊಟ್ಟೆ ಮುಂದೆ ಬಂದಷ್ಟೂ ದೇಹದ ಭಾರ ಮುಂದಕ್ಕೆ ಎಳೆಯುತ್ತದೆ, ಅದನ್ನು ಸರಿದೂಗಿಸಲು ಬೆನ್ನಿನ ಸ್ನಾಯುಗಳು ದಿನವಿಡೀ ದುಡಿಯುತ್ತವೆ. ಹಿಗ್ಗಿದ ಹೊಟ್ಟೆಯ ಸ್ನಾಯುಗಳಿಂದ ಮೊದಲಿನಷ್ಟು ಆಸರೆ ಸಿಗುವುದಿಲ್ಲ. ಹಾಗಾಗಿ ಹಾಸಿಗೆ ಹಿಡಿದು ಮಲಗಿದರೆ ಈ ನೋವು ಗುಣವಾಗುವುದಿಲ್ಲ, ಆ ಸ್ನಾಯುಗಳು ಇನ್ನಷ್ಟು ಸೊರಗುತ್ತವೆ. ವೈದ್ಯಕೀಯ ಅಧ್ಯಯನಗಳನ್ನು ಕಲೆಹಾಕಿ ತೂಗುವ ಕಾಕ್ರೇನ್ ಸಂಸ್ಥೆಯ 2015ರ ಪರಿಶೀಲನೆ 34 ಅಧ್ಯಯನಗಳನ್ನು ಒಟ್ಟಿಗೆ ನೋಡಿ, ವ್ಯಾಯಾಮದಿಂದ ಕೆಳಬೆನ್ನಿನ ನೋವು ತಗ್ಗಬಹುದು ಎಂದಿತು. ಪುರಾವೆ ಅಷ್ಟು ಗಟ್ಟಿಯಾಗಿಲ್ಲ ಎಂದೂ ಅದೇ ಪರಿಶೀಲನೆ ಹೇಳಿದೆ.

ಕೆಳಬೆನ್ನಿನ ನೋವಿಗೆ ಗೋಡೆಯ ವ್ಯಾಯಾಮದಿಂದ ಶುರುಮಾಡುವುದು ಸುಲಭ. ಗೋಡೆಗೆ ಬೆನ್ನು ಕೊಟ್ಟು, ಹಿಮ್ಮಡಿಗಳನ್ನು ಗೋಡೆಯಿಂದ ಒಂದು ಗೇಣು ಮುಂದಿಟ್ಟು, ಮೊಣಕಾಲು ಸ್ವಲ್ಪ ಮಡಿಸಿ ನಿಲ್ಲಬೇಕು. ಉಸಿರು ಬಿಡುತ್ತಾ ಹೊಕ್ಕುಳನ್ನು ಒಳಗೆಳೆದು, ಸೊಂಟದ ಹಿಂದಿನ ಟೊಳ್ಳು ಗೋಡೆಗೆ ತಾಗುವಂತೆ ಒತ್ತಿ, 4 ಸೆಕೆಂಡು ಹಿಡಿದು ಬಿಡಬೇಕು. ಹೀಗೆ 10 ಸಲ. ಉಸಿರು ಕಟ್ಟಬಾರದು.

ಇನ್ನೊಂದು, ಬೆಕ್ಕಿನ ಭಂಗಿ. ಅಂಗೈಗಳು ಭುಜದ ಕೆಳಗೆ, ಮೊಣಕಾಲುಗಳು ಸೊಂಟದ ಕೆಳಗೆ ಬರುವಂತೆ ಅಂಬೆಗಾಲಲ್ಲಿ ನಿಂತು, ಬೆನ್ನನ್ನು ನಿಧಾನವಾಗಿ ಮೇಲಕ್ಕೆ ಕಮಾನು ಮಾಡಿ, ಕೆಲವು ಸೆಕೆಂಡು ಹಿಡಿದು, ಮತ್ತೆ ಸಮಕ್ಕೆ ತರಬೇಕು. ಇಲ್ಲಿ ಆಗುವ ತಪ್ಪು ಒಂದೇ: ಸಮಕ್ಕೆ ಬಂದಲ್ಲಿ ನಿಲ್ಲಿಸದೆ ಹೊಟ್ಟೆಯನ್ನು ನೆಲದ ಕಡೆಗೆ ಜೋತುಬಿಡುವುದು. ಮೊದಲೇ ಬಾಗಿರುವ ಸೊಂಟ ಇದರಿಂದ ಇನ್ನಷ್ಟು ಬಾಗಿ ನೋವು ಹೆಚ್ಚುತ್ತದೆ. ಮಾಮೂಲಿ ಯೋಗ ತರಗತಿಯಲ್ಲಿ ಕಲಿತವರಿಗೆ ಬೆನ್ನು ಕೆಳಗೆ ಬಾಗಿಸುವುದೂ ಅಭ್ಯಾಸವಾಗಿರುತ್ತದೆ, ಅವರಿಗೆ ಇದನ್ನು ಬಿಡಿಸಿ ಹೇಳಬೇಕು. ಮಣಿಕಟ್ಟು ನೋಯುವವರು ಮುಷ್ಟಿಯ ಮೇಲೆ ಅಥವಾ ಮೊಣಕೈ ಮೇಲೆ ಭಾರ ಹಾಕಬಹುದು. ಇವುಗಳ ಜೊತೆಗೆ ದಿನವೂ ನಡಿಗೆ, ಅನುಕೂಲವಿದ್ದರೆ ನೀರಿನಲ್ಲಿ ವ್ಯಾಯಾಮ. ವಾರಕ್ಕೆ ಒಟ್ಟು 150 ನಿಮಿಷದ ಮಿತ ಚಟುವಟಿಕೆ ಒಳ್ಳೆಯದು. ಬೇರೆ ತೊಡಕುಗಳಿದ್ದರೆ ಮೊದಲು ವೈದ್ಯರನ್ನು ಕೇಳಬೇಕು.

ಪೆಲ್ವಿಸ್ ಕೀಲುಗಳ ನೋವಿರುವವರಿಗೆ ದಾರಿ ಬೇರೆ. ಉದ್ದನೆಯ ಹೆಜ್ಜೆಯ ಬಿರುಸು ನಡಿಗೆ, ಒಂಟಿ ಕಾಲಿನ ಆಸನ, ಕಾಲಗಲಿಸಿ ಮಾಡುವ ಹಿಗ್ಗಿಸುವಿಕೆ, ಕಪ್ಪೆಯಂತೆ ಕಾಲು ಬಡಿಯುವ ಈಜು, ಇವೆಲ್ಲ ಕೀಲನ್ನು ಎಳೆದು ನೋಯಿಸುತ್ತವೆ. ನಡಿಗೆಯನ್ನೇ ಬಿಡಬೇಕಿಲ್ಲ, ಹೆಜ್ಜೆ ಗಿಡ್ಡವಿರಲಿ. ಬಟ್ಟೆ, ಚಪ್ಪಲಿ ಕುಳಿತೇ ಹಾಕಿಕೊಳ್ಳಬೇಕು. ಮೆಟ್ಟಿಲಲ್ಲಿ ಒಂದೊಂದಕ್ಕೂ ಎರಡೂ ಕಾಲಿಟ್ಟು, ಹತ್ತುವಾಗ ನೋವು ಕಡಿಮೆಯಿರುವ ಕಾಲನ್ನು ಮೊದಲು, ಇಳಿಯುವಾಗ ನೋವಿನ ಕಾಲನ್ನು ಮೊದಲು ಇಡಬೇಕು. ಹಾಸಿಗೆಯಲ್ಲಿ ಹೊರಳುವಾಗ ಮೊಣಕಾಲುಗಳನ್ನು ಜೋಡಿಸಿ, ಭುಜ ಮತ್ತು ಸೊಂಟ ಒಟ್ಟಿಗೇ ತಿರುಗಬೇಕು. ಏಳುವಾಗಲೂ ಹೀಗೆಯೇ ಮಗ್ಗುಲಾಗಿ, ಕಾಲುಗಳನ್ನು ಮಂಚದಿಂದ ಇಳಿಬಿಟ್ಟು, ಕೈಯೂರಿ ಏಳಬೇಕು. ಅಂಗಾತ ಇದ್ದಲ್ಲಿಂದ ನೇರವಾಗಿ ಏಳುವುದು ಯಾವ ಬಸುರಿಗೂ ಬೇಡ.

ಮಲಗುವ ವಿಷಯದಲ್ಲಿ ದಿಂಬು ಎಲ್ಲರಿಗೂ ಉಪಯೋಗ, ಆದರೆ ಅಳತೆ ಸರಿಯಿರಬೇಕು. ಮಗ್ಗುಲಾಗಿ ಮಲಗಿ ದಿಂಬನ್ನು ಮೊಣಕಾಲಿಗೆ ಮಾತ್ರ ಕೊಟ್ಟರೆ ಪಾದ ಕೆಳಗೆ ಜೋತು ಸೊಂಟ ತಿರುಚುತ್ತದೆ. ಮೊಣಕಾಲಿಂದ ಹಿಮ್ಮಡಿಯವರೆಗೂ ಆಸರೆ ಬೇಕು, ಹೊಟ್ಟೆಯ ಅಡಿಗೆ ಒಂದು ಮಡಿಸಿದ ಬಟ್ಟೆ. 28 ವಾರದ ನಂತರ ಮಗ್ಗುಲಾಗಿಯೇ ನಿದ್ದೆಗೆ ಜಾರಬೇಕು. ನಡುರಾತ್ರಿ ಎಚ್ಚರವಾದಾಗ ಅಂಗಾತ ಇದ್ದರೆ ಗಾಬರಿಯಾಗದೆ ಹೊರಳಿದರೆ ಸಾಕು.

ಈಗ 'ನೈಸರ್ಗಿಕ' ಎಂಬ ಮಾತಿಗೆ ಬರೋಣ. ಶಾಖ ಒಳ್ಳೆಯದೇ. ಬಿಸಿನೀರಿನ ಚೀಲವನ್ನು ಟವೆಲಿನಲ್ಲಿ ಸುತ್ತಿ ಬೆನ್ನಿಗೆ 10–15 ನಿಮಿಷ ಇಡಬಹುದು, ಹೊಟ್ಟೆಗೆ ಬೇಡ, ಅದನ್ನಿಟ್ಟುಕೊಂಡು ನಿದ್ದೆ ಹೋಗುವುದೂ ಬೇಡ. ಇಡೀ ಮೈ ಕಾಯಿಸುವ ಹಬೆಸ್ನಾನ, ಬಿಸಿನೀರಿನ ತೊಟ್ಟಿ ಬೇರೆ ಮಾತು. ಮೊದಲ ವಾರಗಳಲ್ಲಿ ತಾಯಿಯ ದೇಹದ ಒಳಬಿಸಿ 39 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಗುವಿನ ಮಿದುಳು, ಬೆನ್ನುಹುರಿಯ ಬೆಳವಣಿಗೆಗೆ ಅಪಾಯವಿದೆ. ಬೆನ್ನು ನೀವುವಾಗ ಬಸುರಿ ಮಗ್ಗುಲಾಗಿ ಮಲಗಿರಲಿ, ಇಲ್ಲವೇ ಕುರ್ಚಿಯ ಬೆನ್ನಿಗೆ ಎದೆಯೊರಗಿಸಿ ಕೂತಿರಲಿ. ಬೆನ್ನುಮೂಳೆಯ ಮೇಲೆ ಒತ್ತದೆ ಅದರ ಅಕ್ಕಪಕ್ಕದ ಸ್ನಾಯುಗಳನ್ನು ಅಂಗೈಯಿಂದ ಹಗುರವಾಗಿ ನೀವಬೇಕು. ಮೀನಖಂಡವನ್ನು ಜೋರಾಗಿ ಒತ್ತಿ ತಿಕ್ಕಬಾರದು, ಬಸಿರಿನಲ್ಲಿ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚು.

ನೋವಿನ ಮುಲಾಮುಗಳ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ ಎಂಬುದು ನಮ್ಮ ದೊಡ್ಡ ಕಳವಳ. ಗಿಡದಿಂದ ತೆಗೆದದ್ದು ಎಂದು ನಂಬಿ ಹಚ್ಚುವ ವಿಂಟರ್‌ಗ್ರೀನ್ ಎಣ್ಣೆ ಹೆಚ್ಚುಕಡಿಮೆ ಪೂರ್ತಿಯಾಗಿ ಮೀಥೈಲ್ ಸ್ಯಾಲಿಸಿಲೇಟ್. ಅದು ಆಸ್ಪಿರಿನ್ನಿನ ಬಂಧು, ಚರ್ಮದ ಮೂಲಕ ರಕ್ತ ಸೇರುತ್ತದೆ. ನೋವುನಿವಾರಕ ಡೈಕ್ಲೋಫಿನಾಕ್ ಜೆಲ್, ಸ್ಪ್ರೇಗಳೂ ಹಾಗೆಯೇ ಒಳಗಿಳಿಯುತ್ತವೆ. ಡೈಕ್ಲೋಫಿನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು 20 ವಾರದ ನಂತರ ನುಂಗಿದರೆ ಮಗುವಿನ ಮೂತ್ರಪಿಂಡಕ್ಕೆ ತೊಂದರೆಯಾಗಿ ಗರ್ಭದ ನೀರು ಕಡಿಮೆಯಾಗಬಹುದು. ಆದ್ದರಿಂದ ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿ ಓದದೆ, ವೈದ್ಯರನ್ನು ಕೇಳದೆ ಏನನ್ನೂ ಹಚ್ಚಬಾರದು.

ಆಸರೆ ಬೆಲ್ಟ್ ಹೊಟ್ಟೆಯ ನಡುವೆ ಬಿಗಿಯುವಂಥದ್ದಲ್ಲ. ಹೊಟ್ಟೆಯ ಕೆಳಗಿಂದ ಸೊಂಟದ ಮೂಳೆಗಳ ಸುತ್ತ ಬರಬೇಕು. ನಿಲ್ಲುವಾಗ, ನಡೆಯುವಾಗ ಮಾತ್ರ ಸಾಕು.

ಇಷ್ಟೆಲ್ಲ ಉಪಾಯಗಳು ಸಾಮಾನ್ಯ ನೋವಿಗೆ. ತಾವು ಮುಂದೆ ಈ ವಿಷಯದ ಲೇಖನ ಪ್ರಕಟಿಸಿದಾಗಲೆಲ್ಲ ಪಕ್ಕದಲ್ಲಿ ಒಂದು ಚೌಕಟ್ಟಿನೊಳಗೆ ಈ ಲಕ್ಷಣಗಳನ್ನು ದಪ್ಪ ಅಕ್ಷರದಲ್ಲಿ ಹಾಕಿ: 37 ವಾರಕ್ಕೆ ಮುಂಚೆ ಅಲೆಯಂತೆ ಬಂದು ಹೋಗುವ ಬೆನ್ನುನೋವು, ಹೊಟ್ಟೆ ಗಟ್ಟಿಯಾಗುವುದು; ರಕ್ತ ಅಥವಾ ನೀರು ಹೋಗುವುದು; ಜ್ವರ, ಉರಿಮೂತ್ರ; ಕಾಲಿನಲ್ಲಿ ಬಲ ಕುಂದುವುದು, ತೊಡೆಸಂದಿಯಲ್ಲಿ ಮರಗಟ್ಟುವುದು, ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು; ಮಗುವಿನ ಚಲನೆ ಕಡಿಮೆಯಾಗುವುದು. ಇವುಗಳಲ್ಲಿ ಒಂದು ಕಂಡರೂ ಶಾಖ ಕೊಡುತ್ತಾ ಕೂರದೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಇಂತಿ,
ಗರ್ಭಿಣಿಯರ ಆರೈಕೆಯಲ್ಲಿ ತೊಡಗಿರುವ ಫಿಸಿಯೋಥೆರಪಿಸ್ಟರು