ಕ್ಯಾಮ್‌ಶಾಫ್ಟ್ ಆರ್ಡರ್: ಭಾನುವಾರದೊಳಗೆ ತಿಳಿಸಿ

ಎಲ್ಲರಿಗೂ ನಮಸ್ಕಾರ. ಮಾರುತಿ ಎಸ್ಟೀಮ್, ಜಿಪ್ಸಿ ಕಿಂಗ್‌ಗಳ 1.3 ಲೀಟರ್ 16 ವಾಲ್ವ್ ಎಂಜಿನ್‌ಗೆ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ಶಾಫ್ಟ್, ಚಿಕ್ಕದಾಗಿ ಕ್ಯಾಮ್) ಬದಲಿಸುವವರ ಆರ್ಡರ್ ಒಟ್ಟಿಗೆ ಕಳಿಸುತ್ತಿದ್ದೇವೆ. ಹಳೆಯ 8 ವಾಲ್ವ್ ಎಂಜಿನ್‌ಗೆ ಇದು ಕೂರುವುದಿಲ್ಲ.

ಡ್ಯುರೇಷನ್ (ವಾಲ್ವ್ ತೆರೆದಿರುವ ಅವಧಿ) ಹೆಚ್ಚಿದಷ್ಟೂ ಪವರ್ ಮೇಲಿನ ಆರ್‌ಪಿಎಂಗೆ ಹೋಗುತ್ತದೆ. ಕೆಳಗಿನ ಎಳೆತ ಕುಗ್ಗಿ, ಐಡ್ಲಿಂಗ್‌ನಲ್ಲಿ ಗಾಡಿ ನಡುಗುತ್ತದೆ. ದಿನಾ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟುವವರಿಗೆ ಡ್ಯುರೇಷನ್ ಸ್ವಲ್ಪವೇ ಹೆಚ್ಚಿರುವ ಮೈಲ್ಡ್ ಕ್ಯಾಮ್ ಸಾಕು. (ಬರೀ ಸೌಂಡ್ ಬೇಕಾದವರು ಸೈಲೆನ್ಸರ್ ನೋಡಿಕೊಳ್ಳಿ!) ಲಿಫ್ಟ್ (ವಾಲ್ವ್ ಎಷ್ಟು ತೆರೆಯುತ್ತದೆ ಎಂಬ ಅಳತೆ) ಜಾಸ್ತಿಯಾದರೆ ಗಟ್ಟಿ ವಾಲ್ವ್ ಸ್ಪ್ರಿಂಗ್ ಬೇಕು. ವಾಲ್ವ್ ಪಿಸ್ಟನ್‌ಗೆ ಬಡಿಯದಷ್ಟು ಅಂತರವಿದೆಯೇ ಎಂದು ಪಿಸ್ಟನ್ ಮೇಲೆ ಕ್ಲೇ (ಮೆತ್ತನೆಯ ಮಾಡೆಲಿಂಗ್ ಜೇಡಿ) ಇಟ್ಟು, ಎಂಜಿನ್ ಕೈಯಲ್ಲಿ ತಿರುಗಿಸಿ ನೋಡದೆ ಸ್ಟಾರ್ಟ್ ಮಾಡಲೇಬೇಡಿ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟ್ಯೂನಿಂಗ್ ಖರ್ಚೂ ಲೆಕ್ಕದಲ್ಲಿರಲಿ.

ಬೇಕಾದವರು ಭಾನುವಾರ ಸಂಜೆ 6ರೊಳಗೆ ಹೆಸರು, ಮಾಡೆಲ್ ವರ್ಷ, ಗಾಡಿ ದಿನಬಳಕೆಗೋ ಟ್ರ್ಯಾಕ್‌ಗೋ ಎಂಬುದನ್ನು ಇಲ್ಲೇ ಬರೆಯಿರಿ. ಬರೀ ಥಂಬ್ಸ್‌ಅಪ್ ಹಾಕಿದರೆ ಲೆಕ್ಕಕ್ಕಿಲ್ಲ.