ಕಾಗದದಲ್ಲೇ ಉಳಿದ ಕನ್ಸರ್ಟೊಗಳನ್ನು ಕೇಳುವಂತಾಗಲಿ

ಮಾನ್ಯ ಸಂಪಾದಕರೇ,

ಕಂಪ್ಯೂಟರ್ ನುಡಿಸಿದ್ದು ಸಂಗೀತವೇ ಅಲ್ಲ ಎಂದು ನಮ್ಮ ಬೀದರ್‌ನ ಸಂಗೀತಾಸಕ್ತರಲ್ಲಿ ಅನೇಕರು ಹೇಳುತ್ತಾರೆ. ಖಯಾಲ್ ಗಾಯನದ ಮಟ್ಟಿಗೆ ಆ ಮಾತನ್ನು ನಾನೂ ಒಪ್ಪುತ್ತೇನೆ. ಅಲ್ಲಿ ಬಂದಿಶ್‌ನ, ಅಂದರೆ ಮೊದಲೇ ರಚಿಸಿಟ್ಟ ಹಾಡಿನ, ನಾಲ್ಕು ಸಾಲು ಬಿಟ್ಟರೆ ಉಳಿದದ್ದೆಲ್ಲ ಹಾಡುವವರ ಮನೋಧರ್ಮದಿಂದ ಆ ಗಳಿಗೆಯಲ್ಲಿ ಹುಟ್ಟುವಂಥದ್ದು. ಆದರೆ ಪಿಯಾನೊ ಮತ್ತು ವಾದ್ಯವೃಂದ ಜೊತೆಗೂಡಿ ನುಡಿಸುವ ಯುರೋಪಿನ ಕನ್ಸರ್ಟೊಗಳಲ್ಲಿ ಹೆಚ್ಚುಕಡಿಮೆ ಪ್ರತಿಯೊಂದು ಸ್ವರವೂ ಬರೆದಿಟ್ಟಿರುತ್ತದೆ. ನುಡಿಸುವವರು ಸಿಗದಿದ್ದರೆ ಇನ್ನೂರು ವರ್ಷ ಕಳೆದರೂ ಅದು ಹಾಗೆಯೇ ಕಾಗದದಲ್ಲಿ ಕುಳಿತಿರುತ್ತದೆ.

ಈಗಿನ ಚೆಕ್ ಗಣರಾಜ್ಯದಲ್ಲಿರುವ ಬೊಹೀಮಿಯಾದಲ್ಲಿ 1747ರಲ್ಲಿ ಹುಟ್ಟಿ ವಿಯೆನ್ನಾದಲ್ಲಿ ನೆಲೆಸಿದ ಲಿಯೊಪೋಲ್ಡ್ ಕೊಝೆಲುಹ್ ಅವರು ಮೊಜಾರ್ಟ್ ತೀರಿಕೊಂಡ ಮರುವರ್ಷ, 1792ರಲ್ಲಿ, ಅಲ್ಲಿನ ಆಸ್ಥಾನ ಸಂಗೀತಗಾರರಾದವರು. ಇಂಥ ಕನ್ಸರ್ಟೊಗಳನ್ನು ಬರೆದ ಅವರ ಹೆಸರನ್ನು ಇಂದು ಕೇಳಿದವರೇ ವಿರಳ. ಬೀಥೋವನ್ ಅವರ ಶಿಷ್ಯ ಫರ್ಡಿನಾಂಡ್ ರೀಸ್ ಎಂಟು ಪಿಯಾನೊ ಕನ್ಸರ್ಟೊ ಬರೆದರು, ಐರ್ಲೆಂಡಿನ ಜಾನ್ ಫೀಲ್ಡ್ ಏಳು. ಇಂಥ ಕೆಲವಕ್ಕೆ ಈಚೆಗೆ ಧ್ವನಿಮುದ್ರಣದ ಭಾಗ್ಯ ದೊರೆತಿದೆಯಾದರೂ, ವಾದ್ಯವೃಂದದ ಸಂಭಾವನೆ, ತಾಲೀಮು, ಸಭಾಂಗಣದ ಖರ್ಚು ನೋಡುವ ಆಯೋಜಕರು ಮತ್ತೆ ಮತ್ತೆ ಮೊಜಾರ್ಟ್, ಬೀಥೋವನ್ ಕಡೆಗೇ ಹೋಗುವುದು ಸಹಜ.

ನಾನು ಹಾರ್ಮೋನಿಯಂ ಕಲಿಸಿ ನಿವೃತ್ತನಾದವನು. ಐದು ಗೆರೆಗಳ ಮೇಲೆ ಸ್ವರ ಬರೆಯುವ ಪಾಶ್ಚಾತ್ಯ ಲಿಪಿಯಾದ ಸ್ಟಾಫ್ ನೊಟೇಷನ್ ಓದಲು ಕಲಿತದ್ದು ಇಲ್ಲಿನ ಚರ್ಚೊಂದರಲ್ಲಿ ಕೀಬೋರ್ಡ್ ನುಡಿಸುವಾಗ. ಅಂತರ್ಜಾಲದಲ್ಲಿ ದೊರೆತ ಹಳೆಯ ಕನ್ಸರ್ಟೊ ಒಂದನ್ನು ಮ್ಯೂಸ್‌ಸ್ಕೋರ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ವರ ಸ್ವರವಾಗಿ ಕೂರಿಸಲು ಹೊರಟೆ. ಆ ಕಾಲದಲ್ಲಿ ಇಡೀ ಕೃತಿಯನ್ನು ಒಂದೆಡೆ ಅಚ್ಚು ಹಾಕದೆ ಪಿಟೀಲು, ಓಬೊ, ಹಾರ್ನ್ ಹೀಗೆ ಒಂದೊಂದು ವಾದ್ಯದ ಹಾಳೆಯನ್ನು ಬೇರೆ ಬೇರೆಯಾಗಿ ಮುದ್ರಿಸುವ ರೂಢಿಯಿತ್ತು. ಒಂದು ವಾದ್ಯ ಮೌನವಾಗಿರುವ ಕಡೆ ಒಂದೇ ಒಂದು ಬಾರ್, ಅಂದರೆ ತಾಳದ ಒಂದು ಖಂಡ, ಎಣಿಕೆ ತಪ್ಪಿದರೂ ಮುಂದಿನದೆಲ್ಲ ದಾರಿ ತಪ್ಪುತ್ತದೆ. ಎಲ್ಲ ಸೇರಿಸಿ ಮೊದಲ ಬಾರಿ ಕೇಳಿದಾಗ ಹಾರ್ನ್‌ಗಳು ಕಿವಿಗೆ ಕರ್ಕಶವಾದವು. ಎರಡು ಸಂಜೆ ಹುಡುಕಿದ ಮೇಲೆ, ಹಾರ್ನ್ ಹಾಳೆಯ ತಲೆಯಲ್ಲಿ ಸಣ್ಣಕ್ಷರದಲ್ಲಿದ್ದ ‘ಈ-ಫ್ಲಾಟ್’ ಎಂಬ ಸೂಚನೆ ಕಣ್ಣಿಗೆ ಬಿತ್ತು. ನಮ್ಮ ಹಾರ್ಮೋನಿಯಂ ಮಾತಿನಲ್ಲಿ ಹೇಳುವುದಾದರೆ, ಬಿಳಿ ಒಂದನ್ನು (ಮೊದಲ ಬಿಳಿ ಕೀಲಿಯನ್ನು) ಷಡ್ಜವಾಗಿಟ್ಟು ಬರೆದದ್ದು ಕರಿ ಎರಡರಲ್ಲಿ (ಎರಡನೆಯ ಕರಿ ಕೀಲಿಯಲ್ಲಿ) ನುಡಿಯಬೇಕಿತ್ತು. ಅದನ್ನು ಸರಿಪಡಿಸಿದ ಕೂಡಲೇ ಹಾರ್ನ್‌ಗಳು ಪಿಟೀಲಿನ ಕೆಳಗೆ ತಣ್ಣಗೆ ಹೋಗಿ ಕುಳಿತ ಆ ಕ್ಷಣವನ್ನು ನಾನು ಮರೆಯಲಾರೆ.

ಯಂತ್ರದ ಮಿತಿಯೂ ನನಗೆ ಗೊತ್ತಿದೆ. ಕಂಪ್ಯೂಟರ್‌ಗೆ ಸ್ವರಗಳನ್ನು ಅಂಕಿಗಳಲ್ಲಿ ತಿಳಿಸುವ, 1983ರಲ್ಲಿ ಬಂದ ಮಿಡಿ ಪದ್ಧತಿಯಲ್ಲಿ ಕೀಲಿಯನ್ನು ಒತ್ತುವ ಬಲಕ್ಕೆ 127ರವರೆಗೆ ಅಂಕಿಗಳಿವೆ. ಎಲ್ಲ ಸ್ವರಕ್ಕೂ ಒಂದೇ ಅಂಕಿ ಬಿಟ್ಟರೆ ಪಿಯಾನೊ ಹೊಲಿಗೆ ಯಂತ್ರದಂತೆ ಕೇಳುತ್ತದೆ. ವಿಳಂಬದ ಭಾಗದಲ್ಲಿ ಒಂದು ಸಾಲು ಮುಗಿದು ಇನ್ನೊಂದು ಏಳುವ ಮುನ್ನ ಉಸಿರಿನಷ್ಟು ತಡೆ ಬೇಕು, ಅದನ್ನು ಕೈಯಿಂದಲೇ ಕೂರಿಸಬೇಕು. ಹಾಗೆ ಮಾಡಿದರೂ ಅದು ಕಲಾವಿದರ ಬೆರಳಿಗೆ ಸಮವಾಗದು. ಆದರೆ ಇಲ್ಲಿ ಹೋಲಿಕೆ ಮಾಡಬೇಕಾದದ್ದು ಕಛೇರಿಯೊಂದಿಗಲ್ಲ, ಮೌನದೊಂದಿಗೆ.

ಆದ್ದರಿಂದ ಕಲಬುರಗಿ ಆಕಾಶವಾಣಿಯು ತಿಂಗಳಿಗೆ ಅರ್ಧ ಗಂಟೆಯಾದರೂ ಇಂಥ ಕೃತಿಗಳಿಗೆ ಮೀಸಲಿಡಬೇಕೆಂದು, ಪ್ರಸಾರಕ್ಕೆ ಮೊದಲು ಇದು ಕಂಪ್ಯೂಟರ್‌ನಲ್ಲಿ ಸಿದ್ಧಪಡಿಸಿದ್ದು ಎಂದು ಸ್ಪಷ್ಟವಾಗಿ ತಿಳಿಸಬೇಕೆಂದು ಕೋರುತ್ತೇನೆ. ನಮ್ಮ ಭಾಗದ ಕಾಲೇಜುಗಳ ಸಂಗೀತ ವಿಭಾಗಗಳಲ್ಲಿ ಒಂದು ಕಂಪ್ಯೂಟರ್ ಮತ್ತು ಒಳ್ಳೆಯ ಹೆಡ್‌ಫೋನ್ ಇದ್ದರೆ ವಿದ್ಯಾರ್ಥಿಗಳೇ ಈ ಕೆಲಸ ಮುಂದುವರಿಸಬಲ್ಲರು. ನಾನು ಕೂರಿಸಿದ ಕಡತಗಳನ್ನು, ಹಾರ್ನ್ ತಪ್ಪಿದ್ದ ಮೊದಲ ಪ್ರತಿಯನ್ನೂ ಸೇರಿಸಿ, ಕೇಳಿದವರಿಗೆ ಉಚಿತವಾಗಿ ಕೊಡಲು ಸಿದ್ಧನಿದ್ದೇನೆ.

– ನಿವೃತ್ತ ಹಾರ್ಮೋನಿಯಂ ಶಿಕ್ಷಕ, ಬೀದರ್